ಮೂರನ್ನು ಬಿಟ್ಟು ಉಳಿದೆಲ್ಲ

ಟೋಕಿಲುಪೆ ಗಣಿತದಲ್ಲಿ ಫೇಲಾದ ದಿನ ಮನೆಗೆ ಬಂದವಳು ಸಮವಸ್ತ್ರವನ್ನೂ ಬದಲಿಸದೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನು ಜಗಲಿಯಲ್ಲಿ ಕೇದಗೆಯ ಒಣ ಎಲೆ ಸೀಳುತ್ತಿದ್ದೆ. ಅವಳ ಮುಖ ನೋಡಿ ಎಲೆಯನ್ನು ಪಕ್ಕಕ್ಕಿಟ್ಟೆ.

“ಎಷ್ಟು ಬಂತು?”

“ಕೇಳ್ಬೇಡ ಅಮ್ಮ.”

“ಸರಿ, ಕೇಳಲ್ಲ. ಹೊಟ್ಟೆಗೆ ಏನಾದ್ರೂ ಬೇಕಾ?”

“ಅದನ್ನ ಕೇಳು.”

ಬೇಯಿಸಿದ ದೀವಿಹಲಸು ಇತ್ತು. ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಎಲೆಯೂ ಸ್ವಲ್ಪ ಉಳಿದಿತ್ತು. ಕೊಟ್ಟೆ. ಅರ್ಧ ತಿಂದ ಮೇಲೆ ಅವಳಾಗಿಯೇ ಹೇಳಿದಳು. ಲಾವಾಕಿ ಟೀಚರ್ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಮುಂದಿನ ಶುಕ್ರವಾರ ಮರುಪರೀಕ್ಷೆ. ಅದರಲ್ಲೂ ಆಗದಿದ್ದರೆ ಗಣಿತದ ತರಗತಿಯಿಂದ ತೆಗೆದು ಹೊಲಿಗೆ ಮತ್ತು ಅಡುಗೆಯ ತರಗತಿಗೆ ಹಾಕುತ್ತಾರೆ.

ಹೊಲಿಗೆ, ಅಡುಗೆ ನಾನೇ ಕಲಿಸಬಲ್ಲೆ. ಆದರೆ ನನ್ನ ಮಗಳಿಗೆ ಬೇಕಾಗಿರುವುದು ಹವಾಮಾನ ಕಚೇರಿ. ಚಂಡಮಾರುತ ಬರುವಾಗ ರೇಡಿಯೋದಲ್ಲಿ ಎಚ್ಚರಿಕೆ ಕೊಡುತ್ತಾರಲ್ಲ, ಆಗ ನಾವೆಲ್ಲ ಕಿಟಕಿಗೆ ಹಲಗೆ ಬಡಿಯುತ್ತಿದ್ದರೆ ಇವಳು ರೇಡಿಯೋ ಪಕ್ಕ ಕೂತು, “ಅದು ತಿರುಗುತ್ತೆ ಅಂತ ಇವ್ರಿಗೆ ಹೇಗೆ ಗೊತ್ತಾಯ್ತು?” ಎಂದು ಕೇಳುತ್ತಿದ್ದಳು. ಚಿಕ್ಕಂದಿನಿಂದಲೂ ಅದೇ ಪ್ರಶ್ನೆ. ಗಣಿತ ಬಿಟ್ಟರೆ ಆ ಕಚೇರಿಯ ಬಾಗಿಲು ಅಲ್ಲಿಗೇ ಮುಚ್ಚಿತು.

“ಏನು ತಪ್ಪಾಯ್ತು?” ಎಂದೆ.

“ಫಲನಗಳ ಭಾಗಾಕಾರ. ಉತ್ತರ ಎಲ್ಲಾ ಸರಿ, ಯಾವ ಸಂಖ್ಯೆ ಹಾಕಬಹುದು ಅನ್ನೋ ಕ್ಷೇತ್ರ ಎಲ್ಲಾ ತಪ್ಪು. ಒಂದಲ್ಲ, ಎಲ್ಲಾ.” ಅವಳು ತಟ್ಟೆಯನ್ನು ಕೆಳಗಿಟ್ಟಳು. “ಆದ್ರೆ ಅಣ್ಣ ಚೆನ್ನಾಗಿದೆ ಅಂತ ಬರೆದಿದ್ದ ಅಮ್ಮ. ಪ್ರತಿ ಸಲವೂ ಬರೆದಿದ್ದ.”

ಅವಳ ಅಣ್ಣ, ಅಂದರೆ ನನ್ನ ಹಿರಿಯ ಮಗ ಕಿತಿಯೋನೆ, ಪಟ್ಟಣದಲ್ಲಿ ಶಿಕ್ಷಕರ ತರಬೇತಿ ಓದುತ್ತಿದ್ದಾನೆ. ಗಣಿತದ ಮೇಷ್ಟ್ರಾಗುತ್ತಾನೆ. ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಾನೆ. ಮಲಗುವುದು ಅಂಗಳದ ಆ ತುದಿಯಲ್ಲಿ ಹುಡುಗರಿಗೆಂದು ಕಟ್ಟಿದ ಚಿಕ್ಕ ಮನೆಯಲ್ಲಿ. ನಮ್ಮ ದ್ವೀಪದಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ಒಂದೇ ಚಾಪೆಯ ಮೇಲೆ ಉಣ್ಣುವುದಿಲ್ಲ, ಒಟ್ಟಿಗೆ ಟಿವಿ ನೋಡುವುದಿಲ್ಲ. ತಂಗಿ ಚಿಕ್ಕವಳಾದರೂ ಅಣ್ಣನಿಗಿಂತ ಮೇಲಿನವಳು, ಅವಳೆದುರು ಅವನು ದನಿ ಏರಿಸುವಂತಿಲ್ಲ. ಹೀಗಾಗಿ ಗಣಿತ ಹೇಳಿಕೊಡಲು ಮನೆಯಲ್ಲೇ ಒಬ್ಬ ಇದ್ದರೂ ನಡುವೆ ನಾನು ಬೇಕಾಗಿತ್ತು. ಚರ್ಚಿನ ಭಾನುವಾರದ ಶಾಲೆಯವರು ಬಿಸಾಡಿದ ಒಂದು ಕರಿಹಲಗೆ ನಮ್ಮಲ್ಲಿತ್ತು. ಟೋಕಿ ಅಡುಗೆಮನೆಯಲ್ಲಿ ಕೂತು ಲೆಕ್ಕ ಮಾಡುವಳು. ನಾನು ಹಲಗೆಯನ್ನು ಎರಡು ಕೈಯಲ್ಲಿ ತಟ್ಟೆಯಂತೆ ಹಿಡಿದು ಅಂಗಳ ದಾಟಿ ಅವನಿಗೆ ಕೊಡುವೆ. ಅವನು ಕೆಳಗೆ ಏನೋ ಬರೆದು ವಾಪಸು ಕೊಡುವನು. ಅವನು ಬರೆಯುವಷ್ಟು ಹೊತ್ತು ನಾನು ಕೋಳಿಗಳಿಗೆ ಕಾಯಿಚೂರು ಹಾಕುವೆ. ಒಂದು ತಿಂಗಳು ಹೀಗೇ ನಡೆದಿತ್ತು.

ಆ ಸಂಜೆ ಖಾಲಿ ಕೈಯಲ್ಲೇ ಅಂಗಳ ದಾಟಿದೆ. ಕಿತಿ ಅಂಗಿ ಒಗೆದು ಹಿಂಡುತ್ತಿದ್ದ.

“ಟೋಕಿ ಫೇಲಾದಳು.”

ಅವನು ಹಿಂಡುವುದನ್ನು ನಿಲ್ಲಿಸಿದ. “ಕ್ಷೇತ್ರದಲ್ಲಾ?”

“ಹಾಗಾದ್ರೆ ನಿಂಗೆ ಗೊತ್ತಿತ್ತು.”

ಅವನು ಹಿಂಡಿದ ಅಂಗಿಯನ್ನೇ ಮತ್ತೆ ಹಿಂಡತೊಡಗಿದ.

“ನೀನು ಸರಿ ಅಂತ ಬರೀತಿದ್ಯಂತಲ್ಲ.”

“ಸರಿ ಅಂತ ಬರೆದಿಲ್ಲ ಅಮ್ಮ. ಚೆನ್ನಾಗಿದೆ ಅಂತ ಬರೀತಿದ್ದೆ. ಅದರ ಕೆಳಗೆ, ‘ಹೀಗೂ ಬರೀಬಹುದು’ ಅಂತ ಸರಿ ಉತ್ತರ ಬರೀತಿದ್ದೆ.”

“ಅವಳು ಬರೆದಿದ್ದು ಚೆನ್ನಾಗಿತ್ತಾ?”

“ಅಕ್ಷರ ಚೆನ್ನಾಗಿತ್ತು.”

ನನಗೆ ನಗು ಬಂದರೂ ನಗಲಿಲ್ಲ. “ಚಿಕ್ಕಪ್ಪನ ಮಕ್ಕಳಿಗೆ ಪಾಠ ಹೇಳುವಾಗ ಕತ್ತೆ ಅಂತೀಯ, ಕುಂಬಳಕಾಯಿ ಅಂತೀಯ. ಬೇಲಿ ಆಚೆಗೂ ಕೇಳ್ಸುತ್ತೆ.”

“ಅವ್ರು ಹುಡುಗರು.” ಅಂಗಿಯನ್ನು ತಂತಿಯ ಮೇಲೆ ಹಾಕಿ, ಅದರ ಮರೆಯಿಂದಲೇ ಹೇಳಿದ: “ಅವಳ ಹಲಗೆ ಮೇಲೆ ಕಾಟು ಹೊಡೆಯೋಕೆ ನನಗೆ ಕೈ ಬರಲ್ಲ ಅಮ್ಮ. ಎರಡು ಸಲ ಸೀಮೆಸುಣ್ಣ ಇಟ್ಟು ತೆಗೆದಿದ್ದೀನಿ.”

ಅವನನ್ನು ಬೈಯಲು ನನಗೂ ಬಾಯಿ ಬರಲಿಲ್ಲ. ಹಾಗೆ ಬೆಳೆಸಿದವಳೇ ನಾನು. ತಂಗಿ ಒಳಗೆ ಬಂದರೆ ಎದ್ದು ಹೋಗು, ಅವಳಿಗೆ ಇಲ್ಲ ಅನ್ನಬೇಡ ಎಂದು ಅವಳು ಅಂಬೆಗಾಲಿಡುವಾಗಿಂದ ಹೇಳಿಕೊಂಡು ಬಂದಿದ್ದೆ. ಅವನು ಚೆನ್ನಾಗಿಯೇ ಕಲಿತಿದ್ದ.

ಮಾರನೆಯ ದಿನ ಪಕ್ಕದ ಮನೆಯ ಮೆಲೆನೈತೆ ಅತ್ತಿಗೆಯ ಹತ್ತಿರ ಹೋದೆ. ನನ್ನ ಗಂಡನ ಅಕ್ಕ. ನಮ್ಮ ಮನೆಯ ಮದುವೆಯಾಗಲಿ ಸಾವಾಗಲಿ ಮೊದಲ ಪಾಲು ಅವರದು, ಕೊನೆಯ ಮಾತೂ ಅವರದೇ. ನನ್ನ ಗಂಡ ಸೇಬಿನ ತೋಟದ ಕೆಲಸಕ್ಕೆ ನ್ಯೂಜಿಲೆಂಡಿಗೆ ಹೋಗಿರುವ ತಿಂಗಳುಗಳಲ್ಲಿ ನಾನು ಏನು ಕೇಳುವುದಿದ್ದರೂ ಅವರನ್ನೇ ಕೇಳಬೇಕು. ಅವರು ಚಾಪೆಯ ಅಂಚು ಕಟ್ಟುತ್ತಿದ್ದರು. ನಾನೂ ಇನ್ನೊಂದು ತುದಿ ಹಿಡಿದು ಕೂತೆ.

“ಒಂದು ವಾರದ ಮಟ್ಟಿಗೆ ಇಬ್ಬರನ್ನೂ ಜಗಲಿ ಮೇಲೆ ಒಂದು ಮೇಜಿಗೆ ಕೂರಿಸ್ಲಾ ಅತ್ತಿಗೆ? ನಾನು ಮಧ್ಯದಲ್ಲೇ ಇರ್ತೀನಿ.”

“ನನ್ನ ತಮ್ಮ ಇವತ್ತಿಗೂ ನಾನಿರೋ ಕೋಣೆಗೆ ಕಾಲಿಡಲ್ಲ,” ಎಂದರು. “ಅಷ್ಟು ದೂರದಿಂದ ಫೋನ್ ಮಾಡಿದ್ರೂ ನಿನ್ನ ಕೈಲಿ ಕೇಳಿಸ್ತಾನೆ, ಅಕ್ಕ ಹೇಗಿದ್ದಾರೆ ಅಂತ. ನಾನು ಫೋನ್ ಪಕ್ಕದಲ್ಲೇ ಕೂತಿರ್ತೀನಿ. ಚೆನ್ನಾಗಿದ್ದಾರೆ ಅನ್ನು ಅಂತ ನಿನಗೆ ಹೇಳ್ತೀನಿ.”

“ಇದು ಬರೀ ಲೆಕ್ಕ. ಕೆಟ್ಟ ಮಾತೇನೂ ಬರಲ್ಲ.”

“ಲೆಕ್ಕದಲ್ಲಿ ಅವಳು ತಪ್ಪು ಮಾಡ್ತಾಳಾ?”

“ಮಾಡ್ತಾಳೆ.”

“ಅವನು ತಪ್ಪು ಅನ್ನಬೇಕಾ?”

“ಅನ್ನದಿದ್ರೆ ಅವಳು ಕಲಿಯೋದು ಹೇಗೆ?”

“ತಂಗಿಗೆ ಯಾಕೆ ಅನ್ನಬೇಕು? ನಿನಗೆ ಅನ್ನಲಿ. ನಿನಗೇನು ದೊಡ್ಡ ಮರ್ಯಾದೆ ಇದೆ ಹೋಗೋಕೆ.” ಅತ್ತಿಗೆ ಹಲ್ಲಿನಲ್ಲಿ ದಾರ ಕಚ್ಚಿ ಹರಿದರು. “ಹಲಗೆ ಹೊತ್ಕೊಂಡು ತಿರುಗ್ತೀಯಲ್ಲ, ಅದರಲ್ಲಿರೋದು ಸ್ವಲ್ಪ ತಲೆ ಒಳಗೂ ಹೋಗಲಿ.”

ಅವರು ಚುಚ್ಚಲೆಂದೇ ಹೇಳಿದ್ದು. ನಾನು ಆ ಮಾತನ್ನು ಹಾಗೇ ಮನೆಗೆ ತಂದೆ.

ಸೋಮವಾರ ಸಂಜೆ ತೆಂಗಿನಕಾಯಿ ತುರಿಯುವ ಮಣೆಯನ್ನು ಜಗಲಿಯ ಅಂಚಿಗೆ, ಅಡುಗೆಮನೆಯ ಗೋಡೆಗೆ ಒತ್ತಿ ಹಾಕಿಕೊಂಡೆ. ಗೋಡೆ ಅಂದರೆ ಹಲಗೆಯ ಗೋಡೆ. ಒಳಗೆ ಪಿಸುಗುಟ್ಟಿದರೂ ಹೊರಗೆ ಕೇಳುತ್ತದೆ. ಟೋಕಿಗೆ ಒಳಗೆ ಕೆಸುವಿನ ಗಡ್ಡೆ ಸಿಪ್ಪೆ ತೆಗೆಯಲು ಕೊಟ್ಟೆ. ಕಿತಿಯನ್ನು ಜಗಲಿಗೆ ಹತ್ತಿರದ ಮರದ ಕೆಳಗೆ ಕರೆದು ಹಲಗೆ ಕೈಗಿಟ್ಟೆ.

“ನನಗೆ ಹೇಳಿಕೊಡು.”

“ನಿನಗ್ಯಾಕಮ್ಮ ಈಗ ಫಲನ?”

“ಯಾಕೆ, ನಾನೇನು ಕೋಳಿ ಮೇಯಿಸೋಕೇ ಹುಟ್ಟಿದ್ದಾ? ನನಗೂ ಕಲೀಬೇಕು ಅನ್ನಿಸಿದೆ.”

ಅವನು ನನ್ನನ್ನು ನೋಡಿದ. ಆಮೇಲೆ ಗೋಡೆಯನ್ನು ನೋಡಿದ. ಒಳಗೆ ಚಾಕುವಿನ ಸದ್ದು ನಿಂತಿತ್ತು. ಅವನು ಹಲಗೆ ಒರೆಸಿ, ಗೋಡೆಗೆ ಬೆನ್ನು ಮಾಡಿ ಕೂತ.

ಮೊದಲ ಪಾಠ ಸರಳವಾಗಿತ್ತು. ಫಲನ ಅಂದರೆ ಒಂದು ಸಂಖ್ಯೆ ಹಾಕಿದರೆ ಇನ್ನೊಂದು ಸಂಖ್ಯೆ ಕೊಡುವ ನಿಯಮ. ಯಾವ ಯಾವ ಸಂಖ್ಯೆಗಳನ್ನು ಹಾಕಬಹುದೋ ಅವೆಲ್ಲ ಸೇರಿ ಅದರ ಕ್ಷೇತ್ರ. ಒಂದು ಫಲನವನ್ನು ಮೇಲೆ ಇಟ್ಟು, ಇನ್ನೊಂದನ್ನು ಕೆಳಗೆ ಇಟ್ಟು ಭಾಗಿಸಿದರೆ ಹೊಸ ಫಲನ ಬರುತ್ತದೆ. ಅದರೊಳಗೆ ಯಾರು ಬರಬಹುದು, ಯಾರು ಬರಬಾರದು ಎಂದು ಹೇಳುವುದೇ ಲೆಕ್ಕ.

“ಮೇಲೆ ಎಕ್ಸ್ ವರ್ಗ ಕಳೆ ಒಂಬತ್ತು,” ಎಂದ. “ಕೆಳಗೆ ಎಕ್ಸ್ ಕಳೆ ಮೂರು. ಮೇಲಿರೋದನ್ನ ಎರಡಾಗಿ ಒಡೀಬಹುದು: ಎಕ್ಸ್ ಕಳೆ ಮೂರು, ಎಕ್ಸ್ ಕೂಡು ಮೂರು. ಈಗ ಏನು ಮಾಡ್ತೀಯ?”

“ಕೆಳಗಿರೋದೇ ಮೇಲೂ ಇದೆಯಲ್ಲ. ಎರಡನ್ನೂ ಹೊಡೆದುಹಾಕ್ತೀನಿ.”

“ಉಳಿದಿದ್ದು?”

“ಎಕ್ಸ್ ಕೂಡು ಮೂರು.”

“ಕ್ಷೇತ್ರ?”

“ಇದಕ್ಕೆ ಯಾವುದನ್ನ ಹಾಕಿದ್ರೂ ಮೂರು ಕೂಡಿಸಿದ್ರೆ ಆಯ್ತು. ಎಲ್ಲಾ ಸಂಖ್ಯೆನೂ ಬರಲಿ.”

“ತಪ್ಪು,” ಎಂದ ನನ್ನ ಮಗ. ಅದೂ ಎಷ್ಟು ಸಲೀಸಾಗಿ ಎಂದರೆ ನನಗೆ ಸ್ವಲ್ಪ ಕೋಪವೇ ಬಂತು.

“ಯಾಕೆ ತಪ್ಪು?”

“ಮೂರನ್ನ ಹಾಕಿ ನೋಡು. ಹೊಡೆದುಹಾಕೋಕೆ ಮುಂಚೆ ಹಾಕು.”

ಹಾಕಿದೆ. ಒಂಬತ್ತರಲ್ಲಿ ಒಂಬತ್ತು ಹೋದರೆ ಮೇಲೆ ಸೊನ್ನೆ. ಮೂರರಲ್ಲಿ ಮೂರು ಹೋದರೆ ಕೆಳಗೂ ಸೊನ್ನೆ.

“ಸೊನ್ನೆ ಗೆಣಸನ್ನ ಸೊನ್ನೆ ಜನಕ್ಕೆ ಹಂಚು. ತಲೆಗೆಷ್ಟು?”

“ತಲೆಗೆ ಒಂದೂ ಇಲ್ಲ.”

“ಒಂದೂ ಇಲ್ಲ ಅನ್ನೋಕೂ ಒಂದು ತಲೆ ಬೇಕಲ್ಲಮ್ಮ. ಬರಿಗೈಲಿ ಮನೆಗೆ ಹೋಗೋಕಾದ್ರೂ ಒಬ್ಬ ಬಂದಿರಬೇಕು.”

ನಾನು ಕಾಯಿ ತುರಿಯುವುದನ್ನು ನಿಲ್ಲಿಸಿ ಯೋಚಿಸಿದೆ. ಅದು ನಿಜ.

“ಆದ್ರೆ ಆಮೇಲೆ ಅದನ್ನ ಹೊಡೆದು ಹಾಕಿದ್ವಲ್ಲ,” ಎಂದೆ. “ಕೆಳಗಿರೋದು ಹೋಯ್ತು. ಹೋದವರ ಮಾತು ಯಾಕೆ?”

“ಹೊಡೆದುಹಾಕಿದ್ದು ನೀನು, ಲೆಕ್ಕ ಚಿಕ್ಕದಾಗಲಿ ಅಂತ. ಲೆಕ್ಕ ಹುಟ್ಟಿದಾಗ ಅದು ಅಲ್ಲೇ ಇತ್ತು. ಆದ್ದರಿಂದ ಎಕ್ಸ್ ಕೂಡು ಮೂರು, ಆದ್ರೆ ಮೂರನ್ನ ಬಿಟ್ಟು ಉಳಿದೆಲ್ಲ. ಮೊದಲು ಯಾರು ಬರಬಾರದು ನೋಡು. ಆಮೇಲೆ ಹೊಡಿ, ಬಡಿ, ಏನಾದ್ರೂ ಮಾಡು.”

ಇದು ನನಗೆ ಕಷ್ಟವಾಗಲಿಲ್ಲ. ಒಳಗೆ ಯಾರಿದ್ದಾರೆ ಎಂದು ನೋಡದೆ ನಾನು ಯಾರನ್ನೂ ಊಟಕ್ಕೆ ಕರೆಯುವುದಿಲ್ಲ. ಚಾಪೆ ಹಾಸುವುದು ಆಮೇಲೆ. ಹಾಗೆಂದು ಹೇಳಿದಾಗ ಕಿತಿ ಕತ್ತು ಕೆರೆದುಕೊಂಡು, “ಹೌದು, ಅದೇ,” ಎಂದ. ಒಳಗೆ ಗಡ್ಡೆಯೊಂದು ಪಾತ್ರೆಗೆ ಬಿದ್ದ ಸದ್ದಾಯಿತು.

ಮಂಗಳವಾರ ವರ್ಗಮೂಲ. ಮೇಲೆ ಎಕ್ಸ್‌ನ ವರ್ಗಮೂಲ, ಕೆಳಗೆ ಎಕ್ಸ್ ಕಳೆ ನಾಲ್ಕು. ಸೊನ್ನೆಗಿಂತ ಕೆಳಗಿನ ಸಂಖ್ಯೆಗಳಿಗೆ ಅವನ ತರಗತಿಯಲ್ಲಿ ವರ್ಗಮೂಲ ಇಲ್ಲವಂತೆ. ಆದ್ದರಿಂದ ಸೊನ್ನೆ ಮತ್ತು ಅದಕ್ಕಿಂತ ದೊಡ್ಡವು ಬರಬಹುದು, ನಾಲ್ಕು ಮಾತ್ರ ಬರಬಾರದು. ನಾನು ನಾಲ್ಕನ್ನು ಹಿಡಿದೆ, ಸೊನ್ನೆಯ ಕೆಳಗಿನವರನ್ನು ಮರೆತೆ. ಅವನು ತಪ್ಪು ಅಂದ. ಮತ್ತೆ ಮಾಡಿದೆ, ಸೊನ್ನೆಯ ಕೆಳಗಿನವರನ್ನು ಹೊರಗೆ ಕಳಿಸಿದೆ, ನಾಲ್ಕನ್ನು ಮರೆತೆ. ಅವನು ಮತ್ತೆ ತಪ್ಪು ಅಂದ.

“ಒಂದು ಮಗು ಕಣ್ಣಿಗೆ ಬಿದ್ರೆ ಇನ್ನೊಂದು ಮಗು ಬಾವಿಗೆ ಬಿತ್ತು ಅನ್ನೋ ಹಾಗೆ ಮಾಡ್ತೀಯಲ್ಲಮ್ಮ. ಮೂರು ಸಲ ನೋಡ್ಬೇಕು. ಮೇಲಿನವನ ಮನೆಗೆ ಯಾರು ಬರಬಹುದು. ಕೆಳಗಿನವನ ಮನೆಗೆ ಯಾರು ಬರಬಹುದು. ಎರಡು ಮನೆಗೂ ಬರೋವರಲ್ಲಿ ಕೆಳಗಿನವನನ್ನ ಸೊನ್ನೆ ಮಾಡೋ ಕಳ್ಳ ಯಾರು.”

“ನಿಧಾನ ಹೇಳು, ನನ್ನ ತಲೆ ಹಳೇದು.”

“ತಲೆ ಹಳೇದಲ್ಲ. ಖಾಲಿ ಇಟ್ಟು ಇಟ್ಟು ತುಕ್ಕು ಹಿಡಿದಿದೆ.”

ಹೀಗೆ ಹೇಳಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಗೋಡೆಯ ಒಳಗಿನಿಂದ ತಡೆದುಕೊಂಡ ನಗು ಕೇಳಿಸಿತು. ಅವನ ಕಿವಿ ಕೆಂಪಾಯಿತು, ಆದರೆ ಎದ್ದು ಹೋಗಲಿಲ್ಲ.

ಬೇಲಿಯಾಚೆ ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದರು. ಬಟ್ಟೆ ಮುಗಿದ ಮೇಲೂ ಅಲ್ಲೇ ನಿಂತಿದ್ದರು. “ಏನು, ಅಮ್ಮಂಗೆ ಪಾಠವಾ?” ಎಂದು ಕಿತಿಯನ್ನು ಕೇಳಿದರು.

“ಹೌದು ಅತ್ತೆ.”

“ಕಲೀತಾಳಾ?”

“ಕಷ್ಟ.”

“ನನಗೂ ಹಾಗೇ ಅನ್ನಿಸ್ತು,” ಎಂದು ಬುಟ್ಟಿ ಎತ್ತಿಕೊಂಡು ಹೋದರು. ಬೇಡ ಎಂದೇನೂ ಹೇಳಲಿಲ್ಲ.

ಬುಧವಾರ ಅವನು ಕೊಟ್ಟದ್ದು ನಿಜಕ್ಕೂ ಮೋಸದ ಲೆಕ್ಕ. ಮೇಲೆ ಎಕ್ಸ್. ಕೆಳಗಿನ ಫಲನವೇ ಒಂದು ಭಿನ್ನರಾಶಿ: ಎಕ್ಸ್ ಕಳೆ ಎರಡು ಎಂಬುದರಿಂದ ಒಂದನ್ನು ಭಾಗಿಸಿದ್ದು. ಕೆಳಗಿನ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಮೇಲಕ್ಕೆ ತಂದರೆ ಎಕ್ಸ್ ಕಳೆ ಎರಡನ್ನು ಎಕ್ಸ್‌ನಿಂದ ಗುಣಿಸಿದ್ದು. ಛೇದವೇ ಇಲ್ಲ. ನನಗೆ ಬಹಳ ಸಂತೋಷವಾಯಿತು.

“ಕೆಳಗೆ ಏನೂ ಇಲ್ಲ. ಒಂದನ್ನ ಯಾವುದರಿಂದ ಭಾಗಿಸಿದ್ರೂ ಸೊನ್ನೆ ಬರಲ್ಲ ಅಂತ ನೀನೇ ಹೇಳಿದ್ದೆ. ಕಳ್ಳನೇ ಇಲ್ಲ. ಎಲ್ಲಾರೂ ಬರಲಿ.”

ಅವನು ಉತ್ತರ ಕೊಡುವ ಮೊದಲು ಗೋಡೆಯ ಒಳಗಿನಿಂದ ಟೋಕಿಯ ದನಿ ಬಂತು.

“ಅಮ್ಮ, ಎಲ್ಲಾರೂ ಬೇಡ. ಸೊನ್ನೆ ಬೇಡ ಅನ್ನು.”

ಅವಳು ಮಾತಾಡಿದ್ದು ನನ್ನ ಹತ್ತಿರ. ನಾನು ಕಾಯಿತುರಿಯ ಬೋಗುಣಿಯನ್ನು ನೋಡುತ್ತ, “ಸೊನ್ನೆ ಬೇಡ,” ಎಂದೆ.

“ತಪ್ಪು,” ಎಂದ ಕಿತಿ.

ಅಂದ ಮೇಲೆ ಅವನಿಗೆ ಗೊತ್ತಾಯಿತು. ಅವನ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ಹಾಗೇ ನಿಂತಿತು. ಅವನು ನನ್ನ ಮುಖ ನೋಡಿದ. ಅಷ್ಟು ದೊಡ್ಡ ಹುಡುಗ, ಭುಜ ಬಾಗಿಲು ತುಂಬುವಷ್ಟು ಅಗಲ, ಲೋಟ ಒಡೆದ ಮಗುವಿನಂತೆ ನೋಡಿದ. ನನಗೆ ಎದ್ದು ಒಳಗೆ ಹೋಗಿ ಮಗಳನ್ನು ನೋಡಬೇಕು ಅನ್ನಿಸಿತು, ಅವನ ತಲೆ ನೇವರಿಸಬೇಕು ಅಂತಲೂ ಅನ್ನಿಸಿತು. ಯಾವುದನ್ನೂ ಮಾಡಲಿಲ್ಲ. ಕಾಯಿಯ ಇನ್ನೊಂದು ಹೋಳು ತೆಗೆದುಕೊಂಡು ತುರಿಯತೊಡಗಿದೆ.

“ಯಾಕೆ ತಪ್ಪು?” ಎಂದೆ. “ನನಗೆ ಬಿಡಿಸಿ ಹೇಳು.”

“ಮೇಲಿನವನು ಸೊನ್ನೆ ಆದ್ರೆ ತೊಂದರೆ ಇಲ್ಲ ಅಮ್ಮ. ಹಂಚೋಕೆ ಗೆಣಸಿಲ್ಲ ಅಷ್ಟೆ, ಜನ ಇದ್ದಾರೆ. ಬರಿಗೈಲಿ ಹೋಗ್ತಾರೆ. ಕೆಳಗಿನವನನ್ನ ನೋಡು. ಭಾಗಾಕಾರಕ್ಕೆ ಕರೆಯೋಕೆ ಮುಂಚೆ ಅವನ ಮನೆಗೇ ಯಾರು ಬರೋ ಹಾಗಿಲ್ಲ ಅಂತ ನೋಡು.”

“ಅಮ್ಮ,” ಎಂದಳು ಟೋಕಿ ಒಳಗಿನಿಂದ, ಬಹಳ ಬೇಸರದ ದನಿಯಲ್ಲಿ. “ನಿನಗೆ ಎಷ್ಟು ಸಲ ಹೇಳ್ಬೇಕು. ಎರಡು ಬೇಡ. ಎರಡನ್ನ ಹಾಕಿದ್ರೆ ಕೆಳಗಿನವನಿಗೇ ಅರ್ಥ ಇಲ್ಲ. ತಲೆಕೆಳಗು ಮಾಡಿದ ಮಾತ್ರಕ್ಕೆ ಅದು ಒಳಗೆ ಬಂದುಬಿಡಲ್ಲ. ಸ್ವಲ್ಪ ಗಮನ ಕೊಡು.”

“ಎರಡನ್ನು ಬಿಟ್ಟು ಉಳಿದೆಲ್ಲ,” ಎಂದೆ ನಾನು.

“ಸರಿ,” ಎಂದ ಕಿತಿ. ಹಲಗೆಯನ್ನು ಅಂಗಿಯ ತೋಳಿನಿಂದಲೇ ಒರೆಸಿದ. “ಅಮ್ಮ ಪರವಾಗಿಲ್ಲ. ಬುದ್ಧಿ ಬರ್ತಾ ಇದೆ.”

ಆಮೇಲೆ ಪಾಠ ಓಡಿತು. ಅವನು ನನಗೆ ಲೆಕ್ಕ ಹಾಕುವನು. ನಾನು ಕಾಯಿ ಹಿಂಡಿ ಹಾಲು ತೆಗೆಯುತ್ತ ಕಾಯುವೆ. ಒಳಗಿನಿಂದ ಉತ್ತರ ಬರುವುದು. ಅದನ್ನು ನಾನು ಇನ್ನೊಮ್ಮೆ ಹೇಳುವೆ. ತಪ್ಪಾದರೆ ಅವನು ನನಗೆ ತಪ್ಪು ಅನ್ನುವನು. ಅವಳು ನನ್ನನ್ನು ಬೈಯುವಳು. ಗುರುವಾರದ ಹೊತ್ತಿಗೆ ನಾನು ಇಬ್ಬರಿಂದಲೂ ಬೈಸಿಕೊಂಡು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತೆ. ಅದಕ್ಕೂ ಇಬ್ಬರೂ ಬೈದರು, ಬೇರೆ ಬೇರೆ ಮನೆಯಲ್ಲಿ ಕೂತು.

ಶುಕ್ರವಾರ ಟೋಕಿ ಬೆಳಗಿನ ಬಸ್ಸಿಗೆ ಹೋದಳು. ನಾನು ಚಾಪೆ ಹಿಡಿದು ಕೂತೆ, ಎಳೆ ತಪ್ಪಿತು, ಬಿಚ್ಚಿದೆ, ಮತ್ತೆ ತಪ್ಪಿತು. ಕಿತಿಗೆ ಆ ದಿನ ಮಧ್ಯಾಹ್ನವೇ ತರಗತಿ ಮುಗಿದಿತ್ತಂತೆ. ಬಂದವನು ಮರಗೆಣಸಿನ ಪಾತಿಯಲ್ಲಿ ಕಳೆ ಕೀಳತೊಡಗಿದ. ಅಲ್ಲಿ ಕಳೆ ಇರಲಿಲ್ಲ.

ಬಸ್ಸು ಬಂತು. ಟೋಕಿ ಗೇಟು ದಾಟಿ ಬಂದು ನೇರ ಒಳಗೆ ಹೋದಳು. ಸಮವಸ್ತ್ರ ಬದಲಿಸುವ ಸದ್ದು, ನೀರು ಕುಡಿಯುವ ಸದ್ದು. ನಾನು ಕೇಳಲಿಲ್ಲ. ಮತ್ತೆ ಕೇಳಬೇಡ ಅಂದರೆ ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಅಂಗಳದಲ್ಲಿ ಕಿತಿ ನಮ್ಮ ಕಡೆಗೆ ಬೆನ್ನು ಹಾಕಿ ಬರಿ ಮಣ್ಣು ಕೆದಕುತ್ತಿದ್ದ.

ಅವಳು ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತಳು, ಅಂಗಳಕ್ಕೆ ಬೆನ್ನು ಮಾಡಿ. ದನಿ ಮಾತ್ರ ಅಂಗಳ ದಾಟುವಷ್ಟು ದೊಡ್ಡದಾಗಿತ್ತು.

“ಅಮ್ಮ, ಕೊನೇ ಲೆಕ್ಕ ನೀನು ಮಾಡದೇ ಇರೋದು ಬಂದಿತ್ತು. ವರ್ಗಮೂಲ ಮೇಲಲ್ಲ, ಕೆಳಗೆ. ಎಕ್ಸ್ ಕಳೆ ಐದರ ವರ್ಗಮೂಲ.”

“ಹಾಗಾದ್ರೆ?” ಎಂದೆ.

“ಐದು ಮತ್ತು ಐದಕ್ಕಿಂತ ದೊಡ್ಡದು ಅಂತ ಬರೆದೆ. ಪೆನ್ನು ಎತ್ತಿಟ್ಟೆ. ಆಮೇಲೆ ಯಾರೋ ನಿನಗೆ ತಪ್ಪು ಅಂದ ಹಾಗಾಯ್ತು.” ಅವಳು ನನ್ನ ಚಾಪೆಯ ತಪ್ಪಿದ ಎಳೆಯನ್ನು ಬಿಚ್ಚತೊಡಗಿದಳು. “ಐದನ್ನ ಹಾಕಿ ನೋಡಿದೆ. ಐದರಲ್ಲಿ ಐದು ಹೋದ್ರೆ ಸೊನ್ನೆ. ವರ್ಗಮೂಲಕ್ಕೆ ಸೊನ್ನೆ ಆಗುತ್ತೆ, ಆದ್ರೆ ಅದು ಕೆಳಗಿದೆಯಲ್ಲ. ಐದನ್ನ ಹೊಡೆದುಹಾಕಿದೆ. ಐದಕ್ಕಿಂತ ದೊಡ್ಡದು ಮಾತ್ರ.”

ಮಣ್ಣು ಕೆದಕುವ ಸದ್ದು ನಿಂತಿತ್ತು.

“ಟೀಚರ್ ನೋಡಿದ್ರಾ?”

“ಅಲ್ಲೇ ನೋಡಿ ಅಂಕ ಹಾಕಿದ್ರು. ಒಂದು ಕಡೆ ಗುಣಾಕಾರ ತಪ್ಪಾಗಿದೆ. ಕ್ಷೇತ್ರ ಎಲ್ಲಾ ಸರಿ.” ಅವಳು ಬಿಚ್ಚಿದ ಎಳೆಯನ್ನು ಸರಿಯಾದ ಜಾಗಕ್ಕೆ ಸೇರಿಸಿದಳು. “ಗಣಿತದ ತರಗತಿಯಲ್ಲೇ ಇರು ಅಂದ್ರು.”

ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಅವಳ ಭುಜದ ಮೇಲಿಂದ ಅಂಗಳ ಕಾಣುತ್ತಿತ್ತು. ಕಿತಿ ಇನ್ನೂ ತಿರುಗಿರಲಿಲ್ಲ. ಮಣ್ಣು ಮೆತ್ತಿದ ಕೈಯಿಂದ ಮುಖ ಒರೆಸಿಕೊಂಡ.

“ಪಾಸಾದೆಯಲ್ಲಮ್ಮ,” ಎಂದ, ಮರಗೆಣಸಿನ ಗಿಡಗಳಿಗೆ.

“ಆದೆ,” ಎಂದೆ.

ಟೋಕಿ ನನ್ನ ತೋಳು ಬಿಡಿಸಿಕೊಂಡು ಎದ್ದಳು. ಒಲೆ ಹಚ್ಚಬೇಕಾಗಿತ್ತು. ಬಾಗಿಲಲ್ಲಿ ನಿಂತು, “ಸೋಮವಾರದಿಂದ ಫಲನದ ಒಳಗೆ ಫಲನ ಅಂತೆ ಅಮ್ಮ,” ಎಂದಳು. “ಟೀಚರ್ ಹೇಳಿದ್ರು, ಅದರ ಕ್ಷೇತ್ರ ಇದಕ್ಕಿಂತ ಕೆಟ್ಟದು. ಇವತ್ತೇ ಶುರು ಮಾಡಬಹುದಾ ಅಂತ ಕೇಳು.”

ನಾನು ಕೇಳಬೇಕಾಗಿ ಬರಲಿಲ್ಲ. ಅವನು ಆಗಲೇ ಕೈ ತೊಳೆದುಕೊಂಡು ಸೀಮೆಸುಣ್ಣದ ತುಂಡು ಹುಡುಕುತ್ತಿದ್ದ.